ಮೂರು ಮಂದಿ, ಒಂದು ಟವೆಲ್ಲು

ಸಿಂಧನೂರು ಬಸ್ ಸ್ಟ್ಯಾಂಡಿನ್ಯಾಗ, ಬಸ್ಸು ನಿಂತ ಮ್ಯಾಲೆ ಹತ್ತಿದರಾತು ಅನ್ನೋರು ಲಿಂಗಸುಗೂರು ತನಕ ನಿಂತ ಹೋಗಬೇಕು. ಬಸ್ಸು ಇನ್ನಾ ಹಿಂದಕ್ಕ ಬರಾಕತ್ತಿರತೈತಿ, ಕಂಡಕ್ಟರ್ ಸೀಟಿ ಊದಾಕತ್ತಿರತಾನ, ಅಷ್ಟರಾಗ ನಿಮ್ಮ ಟವೆಲ್ಲು ಕಿಟಕಿಯಾಗಿಂದ ಒಳಗ ಬಿದ್ದಿರಬೇಕು. ಬಿತ್ತೋ, ಜಾಗಾ ನಿಮ್ಮದಾತು. ಆಮ್ಯಾಲೆ ನೀವು ಚಾ ಕುಡದು, ಮಂದಿ ಎಲ್ಲಾ ಒಬ್ಬರ ಮ್ಯಾಲೊಬ್ಬರು ಬಿದ್ದು ಹತ್ತಿದ ಮ್ಯಾಲೆ, ಬೀಗರ ಮನಿಗೆ ಬಂದಂಗ ಸಾವಕಾಶ ಹತ್ರಿ. ಸೀಟು ನಿಮಗ ಕಾದಿರತೈತಿ.

ಹಂಗಂತ ಎಲ್ಲಾ ಅರಿವಿ-ಬಟ್ಟಿಗೂ ಒಂದ ಬೆಲಿ ಇಲ್ಲ. ಕರ್ಚೀಫ್ ಹಾಕಿದ್ರ, ಯಾರದೋ ಬಿದ್ದೈತಿ ಪಾಪ ಅಂತ ತಗದು ಕಿಟಕಿ ಕಟ್ಟಿ ಮ್ಯಾಲೆ ಇಡತಾರ. ಪೇಪರ್ ಹಾಕಿದ್ರ ಅದನ್ನ ಓದಕೋಂತ ಅಲ್ಲೇ ಕುಂದ್ರತಾರ. ಚೀಲ ಹಾಕಿದ್ರ ನೀವು ಹತ್ತೋದರಾಗ ಅದು ಯಾರದೋ ಕಾಲಾಗ ಇರತೈತಿ. ಟವೆಲ್ಲಿಗೆ ಮಾತ್ರ ಯಾರೂ ಕೈ ಹಚ್ಚಂಗಿಲ್ಲ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲೆ ಸೀಟಿಗೆ ಬಡದಾಟ ಜಾಸ್ತಿ ಆತು, ಟವೆಲ್ಲಿನ ಕಾಯ್ದೆ ಬದಲಾಗಲಿಲ್ಲ. ನಾನು ಮೊದಮೊದಲು ಓದಿದಾಕಿ ಅನ್ನೋ ಸೊಕ್ಕಿನ್ಯಾಗ ಕರ್ಚೀಫ್ ಹಾಕಿ, ನಿಂತು ನಿಂತು ಕಾಲು ಬಾವು ಬರಿಸಿಕೊಂಡು, ಕಡೀಕ ಅಪ್ಪನ ಕೆಂಪು ಚೌಕಳಿ ಟವೆಲ್ಲು ಕಸಗೊಂಡು ಬಂದೆ. ಅಪ್ಪ ಒಂದು ವಾರ ನನ್ನ ಕೂಡ ಮಾತಾಡಲಿಲ್ಲ.

ಟವೆಲ್ಲು ನಂದಾದರೂ ಕೈ ನಂದಲ್ಲ. ನಾ ಎಸದ್ರ ಅದು ಯಾವಾಗಲೂ ಡ್ರೈವರ್ ಕನ್ನಡಿಗೆ ಹೋಗಿ ಜೋತು ಬೀಳತಿತ್ತು. ಎಸೆಯೋಕಿ ಆರ್.ಎಚ್. ಕ್ಯಾಂಪಿನ ಹುಡುಗಿ, ನಾನು ಪಾಠ ಹೇಳೋ ಕ್ಲಾಸಿನಾಕಿನ. ಆ ಕ್ಯಾಂಪು ಬಂಗಾಲದ ಕಡೆಯಿಂದ ಬಂದ ನಿರಾಶ್ರಿತರದು. ಸಿಂಧನೂರಾಗ ಸೈನ್ಸ್ ಸೀಟು ಸಿಗದ ಮಸ್ಕಿಗೆ ಬರತಿದ್ಲು. ಮನ್ಯಾಗ ಬಂಗಾಲಿ ಮಾತು, ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಸುದ್ದಾ ಬಾಯಿ ಮುಚ್ಚಿಕೊಳ್ಳೋವಂಥ ಕನ್ನಡ. ಆಕಿ ಮೂರನೇ ಕಿಟಕಿ ಅಂದ್ರ ಟವೆಲ್ಲು ಮೂರನೇ ಕಿಟಕಿಯೊಳಗ ಹೋಗಿ, ಇಬ್ಬರ ಜಾಗಾದಾಗ ಹಾಸಿದಂಗ ಬೀಳತಿತ್ತು. ಯಾರರ ಕೇಳಿದ್ರ, ಮಂದಿ ಅದಾರ್ರಿ, ಬರತಾರ ಅಂತಿದ್ಲು. ಹಿಂಗಾಗಿ ಟವೆಲ್ಲು ಆಕಿ ಚೀಲದಾಗ ಇರತಿತ್ತು, ನಾವಿಬ್ಬರೂ ಬಾಜೂ ಬಾಜೂ ಕುಂತು ಮಸ್ಕಿಗೆ ಹೋಗತಿದ್ವಿ. ಬಸ್ಸಿನ್ಯಾಗ ಆಕಿ ನನಗ ಗುರು, ಕಾಲೇಜಿನ್ಯಾಗ ನಾನು.

ನಾನು ಮಸ್ಕಿಯ ಒಂದು ಖಾಸಗಿ ಪಿಯು ಕಾಲೇಜಿನ್ಯಾಗ ರಸಾಯನ ಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಅತಿಥಿ ಬಂದ್ರ ಮೊದಲು ಕುರ್ಚಿ ಹಾಕತಾರ, ಆಮ್ಯಾಲೆ ನೀರು ಕೊಡತಾರ. ಈ ಅತಿಥಿಗೆ ಕುರ್ಚಿನೂ ಇರಲಿಲ್ಲ. ಸ್ಟಾಫ್ ರೂಮಿನ್ಯಾಗ ಕಾಯಂ ಇದ್ದೋರಿಗೆ ಕುರ್ಚಿ, ನಮಗ ಕಪಾಟಿನ ಬಾಜೂಕ ಒಂದು ಬೆಂಚು, ಅದರಾಗ ಅರ್ಧ ಜಾಗಾ ಹಳೇ ಉತ್ತರ ಪತ್ರಿಕೆದ್ದು. ಇಡೀ ಕಾಲೇಜಿನ್ಯಾಗ ನಂದು ಅಂತ ಕುಂದ್ರಾಕ ಇದ್ದದ್ದು ಒಂದ ಕುರ್ಚಿ, ಅದು ಫಸ್ಟ್ ಪಿಯು ಸೈನ್ಸ್ ಕ್ಲಾಸಿನ್ಯಾಗ ಟೇಬಲ್ ಹಿಂದ ಇರೋದು. ಅದರ ಒಂದು ಕೈ ಸಡಿಲಾಗಿತ್ತು. ಹಾಜರಿ ಕರೆಯುವಾಗ ಅದರ ಮ್ಯಾಲೆ ಕುಂತೆ ಅಂದ್ರ ನನಗ ಜಹಗೀರದಾರಗಿತ್ತಿ ಆದಂಗ ಆಗತಿತ್ತು.

ಆ ವರ್ಷ ಆ ಕುರ್ಚಿಗೂ ಸಂಚಕಾರ ಬಂತು. ಮಳಿಗಾಲದ ಒಂದಿನ ಪ್ರಿನ್ಸಿಪಾಲರು ಕರದು, ಆಡಳಿತ ಮಂಡಳಿಯ ಹಿರಿಯರೊಬ್ಬರ ತಂಗಿಯ ಮಗ ಎಂ.ಎಸ್ಸಿ. ಮುಗಿಸ್ಯಾನ, ಕೆಮಿಸ್ಟ್ರಿನ, ಮನ್ಯಾಗ ಖಾಲಿ ಅದಾನ ಅಂದ್ರು. ಮನುಷ್ಯಾ ಒಳ್ಳೇವರು, ನೇರ ಹೇಳಾಕ ಬಾಯಿ ಬರಲಿಲ್ಲ, ಪೆನ್ನಿನ ಟೊಪಗಿ ತಗದು ಹಾಕಿ ತಗದು ಹಾಕಿ ಮಾಡಿದ್ರು. ಮಧ್ಯಂತರ ಪರೀಕ್ಷೆಯಾಗ ನಿಮ್ಮ ಹುಡುಗರು ಚಲೋ ಬರದ್ರ ನಾ ಏನಾರ ಮಾತಾಡಬಲ್ಲೆ, ಇಲ್ಲಂದ್ರ ನನ್ನ ಕೈಯಾಗ ಏನಿಲ್ಲವಾ ಅಂದ್ರು. ಪೇಪರ್ ತಿದ್ದೋರು ನಾವಲ್ಲ. ಅದ ಮಂಡಳಿಯ ಲಿಂಗಸುಗೂರು ಕಾಲೇಜಿನೋರು. ನಮ್ಮ ಮಾರ್ಕ್ಸು ನಾವ ಹಾಕಿಕೊಂಡ್ರ ಎಲ್ಲಾರೂ ಜಾಣರ ಆಗತಾರಂತ ಮಂಡಳಿಗೆ ಗೊತ್ತಿತ್ತು.

ನನಗ ಸಿಟ್ಟು ನೆತ್ತಿಗೇರಿತು. ಆದ್ರ ಸಿಟ್ಟಿನಿಂದ ಹುಡುಗರಿಗೆ ಅಣುವಿನ ಆಕಾರ ತಿಳಿಯಂಗಿಲ್ಲ. ಆಗ ನಡೆದಿದ್ದ ಪಾಠನ ಅದು, ಪರೀಕ್ಷೆಯಾಗ ದೊಡ್ಡ ಪ್ರಶ್ನಿ ಬರೋದೂ ಅದರ ಮ್ಯಾಲೆ.

ಹೇಳಾಕ ಭಾಳ ಸಲೀಸು. ನಡುವ ಒಂದು ಪರಮಾಣು, ಅದರ ಸುತ್ತ ಎಲೆಕ್ಟ್ರಾನಿನ ಜೋಡಿಗಳು. ಒಂದು ಜೋಡಿಗೆ ಇನ್ನೊಂದು ಜೋಡಿಯ ಮಾರಿ ಕಂಡ್ರ ಆಗಂಗಿಲ್ಲ, ಎಲ್ಲಾವೂ ಆದಷ್ಟು ದೂರ ಸರದು ಕುಂದ್ರತಾವ. ಎಷ್ಟು ಜೋಡಿ ಅದಾವ ಅಂತ ಎಣಿಸಿದ್ರ ಆಕಾರ ಇಂಥಾದ್ದಂತ ಮೊದಲ ಹೇಳಬಹುದು. ಮೀಥೇನಿಗೆ ನಾಕು ಜೋಡಿ, ನಾಕಕ್ಕೂ ಒಂದೊಂದು ಹೈಡ್ರೋಜನ್, ಸಮಾ ಸಮಾ ಜಾಗಾ. ಇಲ್ಲೀತನ ಹುಡುಗರು ನನ್ನ ಹಿಂದ ಬಂದ್ರು. ಅಮೋನಿಯಾದ ಹತ್ತಿರ ಗಾಡಿ ನಿಂತಬಿಟ್ಟಿತು. ಅಲ್ಲೂ ನಾಕು ಜೋಡಿ, ಆದ್ರ ಹೈಡ್ರೋಜನ್ ಮೂರ. ನಾಕನೇ ಜೋಡಿ ಯಾರನ್ನೂ ಕೂಡಿಕೊಳ್ಳದ ತಾನ ಕುಂತಿರತೈತಿ, ಅದಕ್ಕ ಲೋನ್ ಪೇರ್ ಅಂತಾರ. ಆಕಾರಕ್ಕ ಹೆಸರಿಡುವಾಗ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಆದ್ರ ಜಾಗಾ ಎಲ್ಲಾರಿಗಿಂತ ಜಾಸ್ತಿ ಹಿಡದು, ಉಳದ ಮೂರನ್ನೂ ಬಾಜೂಕ ಒತ್ತತೈತಿ.

ಇಲ್ಲದ್ದು ಹೆಂಗ ಒತ್ತತೈತ್ರಿ ಮೇಡಂ ಅಂತ ಹುಡುಗರು ಕೇಳಿದ್ರು. ಕೇಳೋದರಾಗ ತಪ್ಪೇನಿಲ್ಲ.

ಮಾರನೇ ದಿನ ಸಂತಿಯಿಂದ ಸಾಮಾನು ತಂದೆ. ನಡುವ ಆಲೂಗಡ್ಡಿ, ಅದಕ್ಕ ಕಸಬರಿಗಿ ಕಡ್ಡಿ ನಾಕು, ಕಡ್ಡಿ ತುದಿಗೆ ಒಂದೊಂದು ಗುಂಡು ಬದನಿಕಾಯಿ. ಮೀಥೇನ್ ಚಂದ ನಿಂತಿತು. ಆಮ್ಯಾಲೆ ಒಂದು ಬದನಿಕಾಯಿ ಕಿತ್ತು, ಇದು ಅಮೋನಿಯಾ, ಈಗ ಈ ಕಡ್ಡಿಗೆ ಏನೈತಿ ಅಂತ ಕೇಳಿದೆ. ಖಾಲಿ ಐತ್ರಿ ಅಂತ ಇಡೀ ಕ್ಲಾಸು ಒಂದ ದನಿಯಾಗ ಅಂತು. ಖಾಲಿ ಅಲ್ಲಲೇ, ಅಲ್ಲಿ ಜೋಡಿ ಐತಿ ಅಂದೆ. ಕಾಣವಲ್ದಲ್ರಿ ಅಂದ್ರು. ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ ಅಂತ ಗಾದಿ ಮಾಡಿದೋರು ನನ್ನ ನೋಡೇ ಮಾಡ್ಯಾರೇನೋ. ಅವತ್ತು ಸಂಜಿಕೆ ಮೀಥೇನೂ ಅಮೋನಿಯಾನೂ ಕೂಡೇ ನಮ್ಮ ಮನ್ಯಾಗ ಎಣ್ಣಿಗಾಯಿ ಆದ್ವು. ರುಚಿ ಇದ್ವು, ಅದು ಬ್ಯಾರೆ ಮಾತು.

ಅದಾದ ಮ್ಯಾಲೆ ಒಂದು ಮುಂಜಾನೆ, ಭತ್ತದ ಸಸಿ ಹಚ್ಚೋ ಕಾಲ, ಬಸ್ಸಿನ ತುಂಬ ಕೂಲಿಗೆ ಹೊಂಟ ಹೆಣ್ಣುಮಕ್ಕಳು. ಮೂವರು ಕುಂದ್ರೋ ನಮ್ಮ ಸೀಟಿನ ಹತ್ತಿರ ಒಬ್ಬ ಮುದುಕಿ ಬಂದು, ಒಂಚೂರು ಸರೀರೆವ್ವಾ ಅಂದಳು. ಸರದ್ವಿ, ಮೂರರಾಗ ನಾಕು ಮಂದಿ ಆದ್ವಿ. ನಮ್ಮ ಮುಂದಿನ ಸೀಟಿನ್ಯಾಗ ಮೂವರು, ನಡುವ ಒಂದು ಟವೆಲ್ಲು ಕಾಲು ಚಾಚಿ ಮಲಗಿದಂಗ ಬಿದ್ದಿತ್ತು. ಟವೆಲ್ಲಿನ ಮಾಲಕ ಬಾಗಿಲದಾಗ ಜೋತುಬಿದ್ದು ಗುಟಕಾ ಹಾಕ್ಕೊಂಡು ಯಾರ ಕೂಡನೋ ಹರಟಿ ಹೊಡ್ಯಾಕತ್ತಿದ್ದ. ಆ ಮೂವರಾಗ ಒಬ್ಬ ಕಿಟಕಿಗೆ ಒತ್ತಿಕೊಂಡಾನ, ಒಬ್ಬ ಅವನ ತೊಡಿ ಮ್ಯಾಲೆ ಏರ್ಯಾನ, ಇನ್ನೊಬ್ಬ ಅರ್ಧ ಕುಂಡಿ ಹೊರಗ ಹಾಕ್ಯಾನ, ಆದ್ರ ಟವೆಲ್ಲಿಗೆ ಅತ್ತ ಸರಿ ಅನ್ನೋರು ಯಾರೂ ಇಲ್ಲ. ಮುದುಕಿ ಸುದ್ದಾ ಅದನ್ನ ನೋಡಿ, ಅಲ್ಲಿ ಮಂದಿ ಅದಾರ ತಗೋ ಅಂತ ನಮ್ಮ ಹತ್ತಿರ ಬಂದಿದ್ದಳು. ನಾನು ಕ್ಯಾಂಪಿನ ಹುಡುಗಿಯ ರಟ್ಟಿ ಹಿಡದು ಅಲುಗಾಡಿಸಿ, ಅಮೋನಿಯಾ ನೋಡಲೇ ಅಮೋನಿಯಾ ಅಂದೆ. ಆಕಿ ಮೊದಲು ನನ್ನ ಮಾರಿ ನೋಡಿದಳು, ಆಮ್ಯಾಲೆ ಸೀಟು ನೋಡಿದಳು, ಆಮ್ಯಾಲೆ ನಗಾಕ ಬಾಯಿ ತಗದಾಕಿ ಮಸ್ಕಿ ಬರೋತನ ಮುಚ್ಚಲಿಲ್ಲ.

ಅವತ್ತು ಕ್ಲಾಸಿನ್ಯಾಗ ಮುಂದಿನ ಬೆಂಚಿಗೆ ನಾಕು ಮಂದಿ ಕುಂದ್ರಿಸಿದೆ. ಒಬ್ಬಾವನ್ನ ಎಬ್ಬಿಸಿ ಅವನ ಜಾಗಾದಾಗ ಕೆಂಪು ಟವೆಲ್ಲು ಹಾಸಿದೆ. ಈಗ ಇಲ್ಲಿ ಯಾರು ಅದಾರ ಅಂದೆ. ಯಾರೋ ಅದಾರ್ರಿ ಅಂದ್ರು. ಕಾಣತಾರೇನು ಅಂದೆ. ಇಲ್ರಿ. ಅವರ ಜಾಗಾದಾಗ ಕುಂದ್ರತೀರೇನು ಅಂದೆ. ಒಬ್ಬರೂ ಹೂಂ ಅನ್ನಲಿಲ್ಲ, ಒಬ್ಬಾವ ಕಿವಿ ಹಿಡಕೊಂಡ. ಇದ ಲೋನ್ ಪೇರ್ ಅಂದೆ. ಕುಂತ ಮನುಷ್ಯಾಗ ಅತ್ತ ಸರಿ ಅನ್ನಬಹುದು, ಟವೆಲ್ಲಿಗೆ ಯಾರು ಹೇಳಬೇಕು? ಖರೇ ಸಂಗತಿನೂ ಹಂಗ ಐತಿ. ಹೈಡ್ರೋಜನ್ ಹಿಡಕೊಂಡ ಜೋಡಿಯನ್ನ ಎರಡೂ ಕಡೆಯ ಪರಮಾಣು ಜಗ್ಗಿರತಾವ, ಅದು ಮೈ ಹಿಡಿ ಮಾಡಿಕೊಂಡು ಕುಂದ್ರತೈತಿ. ಲೋನ್ ಪೇರಿಗೆ ಒಂದ ಕಡೆ ಹಿಡಿತ, ಹಿಂಗಾಗಿ ಹರವಿಕೊಂಡು ಬೀಳತೈತಿ. ನೀರಿಗೆ ಬಂದ್ರ ಟವೆಲ್ಲು ಎರಡು, ಮಂದಿ ಇಬ್ಬರು. ಆ ಇಬ್ಬರೂ ಒತ್ತಿಸಿಕೊಂಡು ಒತ್ತಿಸಿಕೊಂಡು ಒಬ್ಬರ ಕಡೆ ಒಬ್ಬರು ಬಾಗ್ಯಾರ, ಅದಕ್ಕ ನೀರಿನ ಅಣು ಬಾಗಿರತೈತಿ.

ಆ ದಿನದಿಂದ ಹುಡುಗರಿಗೆ ಹುಚ್ಚು ಹಿಡೀತು. ಯಾವ ಅಣು ಕೊಟ್ರೂ, ಇದರಾಗ ಮಂದಿ ಎಷ್ಟು ಟವೆಲ್ಲು ಎಷ್ಟು ಅಂತ ಕೇಳಿ ಟಕ್ಕಂತ ಆಕಾರ ಹೇಳಾಕತ್ತಿದ್ರು. ನಾನು ಪುಸ್ತಕದಾಗ ಇಲ್ಲದ ಅಣು ಹುಡುಕಿ ತಂದ್ರೂ ಬಿಡಲಿಲ್ಲ. ನನ್ನ ಕುರ್ಚಿ ಉಳೀತು ಅಂತ ನಾನು ಮನಸಿನ್ಯಾಗ ಹೋಳಿಗಿ ಉಂಡೆ.

ಉಂಡದ್ದು ಕರಗೋದರಾಗ ಲಿಂಗಸುಗೂರಿನಿಂದ ಪೇಪರಿನ ಗಂಟು ತಿರುಗಿ ಬಂತು. ಪ್ರಿನ್ಸಿಪಾಲರು ಅದನ್ನ ನನ್ನ ಮುಂದ ಸರಿಸಿ, ಕಿಟಕಿಯಾಗಿಂದ ಹೊರಗ ನೋಡಿಕೋಂತ ಕುಂತ್ರು. ಇಡೀ ಕ್ಲಾಸಿಗೆ ಆಕಾರದ ದೊಡ್ಡ ಪ್ರಶ್ನಿಗೆ ಸೊನ್ನಿ. ಬಿಚ್ಚಿ ನೋಡಿದೆ. ಚಿತ್ರ ಬರೋಬರಿ ಇದ್ವು, ಕೋನ ಬರೋಬರಿ ಇದ್ವು. ಕೆಳಗ ಇಂಗ್ಲಿಷಿನ್ಯಾಗ ಎಲ್ಲಾರೂ ಬರದಿದ್ದು ಒಂದ. ಅಮೋನಿಯಾ ಹ್ಯಾಸ್ ತ್ರೀ ಪರ್ಸನ್ಸ್ ಅಂಡ್ ಒನ್ ಟವೆಲ್. ಟವೆಲ್ ವಿಲ್ ನಾಟ್ ಅಡ್ಜಸ್ಟ್. ಲೋನ್ ಪೇರ್ ಅನ್ನೋ ಶಬ್ದ ಒಬ್ಬರ ಪೇಪರಿನ್ಯಾಗೂ ಇಲ್ಲ. ಕ್ಯಾಂಪಿನ ಹುಡುಗಿ ಅಂತೂ ನೈಟ್ರೋಜನ್ ಮ್ಯಾಲೆ ಟವೆಲ್ಲಿನ ಚಿತ್ರನ ಬಿಡಿಸಿದ್ಲು, ಚೌಕಳಿ ಹಾಕಿ, ಅಂಚಿನ ಎಳಿ ಸಮೇತ. ತಿದ್ದಿದೋರು ಮೊದಲನೇ ಪೇಪರಿಗೆ ಕೆಂಪು ಶಾಯಿಯಾಗ ಯಾವ ಟವೆಲ್ಲು ಅಂತ ಬರದಿದ್ರು. ಎರಡನೇದಕ್ಕ, ಮತ್ತ ಟವೆಲ್ಲಾ? ಆಮ್ಯಾಲಿನ ಪೇಪರುಗಳಿಗೆ ಬರೇ ಪ್ರಶ್ನಾರ್ಥಕ ಚಿಹ್ನಿ, ಅದೂ ಹೋಗತಾ ಹೋಗತಾ ದೊಡ್ಡದಾಗಿತ್ತು.

ನಗು ಬಂತು, ಕೂಡೇ ಅಳೂನೂ ಬಂತು. ಪ್ರಿನ್ಸಿಪಾಲರಿಗೆ, ಪೇಪರ್ ಕೊಡ್ರಿ ನಾ ಲಿಂಗಸುಗೂರಿಗೆ ಹೋಗಿ ಬರತೀನಿ ಅಂದೆ. ಹೋಗಿ ಏನು ಮಾಡತೀರಿ ಅಂದ್ರು. ಜಗಳ ಅಂದೆ. ದಸರಾ ಸೂಟಿ ಮುಗಿದ ಮರುದಿನಾನ ಮಂಡಳಿಯೋರು ಆ ಹುಡುಗನ ಕರಕೊಂಡು ಬಂದು ನಿಮ್ಮ ಕ್ಲಾಸಿನ್ಯಾಗ ಪಾಠ ಮಾಡಿಸಿ ನೋಡತಾರ, ಅದಕ್ಕೂ ಮೊದಲು ಮುಗಿಸ್ರಿ ಅಂದ್ರು.

ಲಿಂಗಸುಗೂರಿನ್ಯಾಗ ಪೇಪರ್ ತಿದ್ದಿದೋರು ಅಲ್ಲಿಯ ಕೆಮಿಸ್ಟ್ರಿ ಉಪನ್ಯಾಸಕರು, ಎಲ್ಲಾರೂ ಹಿರೇ ಸರ್ ಅಂತಿದ್ರು. ಮಾರ್ಚಿಗೆ ನಿವೃತ್ತಿ ಆಗೋರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆದಾಗ ಎರಡು ಪೆನ್ನು, ಅವರ ಹತ್ತಿರ ಕಲಿತೋರು ಈ ಸೀಮಿಯೊಳಗ ಎಲ್ಲಾ ಕಡೆ ಅದಾರ. ನಾನು ಒಂದು ತಾಸು ವಾದ ಮಾಡಿದೆ. ಟವೆಲ್ಲು ಅಂದ್ರ ಏನಂತ ಹೇಳಿದೆ, ಬೆಂಚಿನ ಕಥಿ ಹೇಳಿದೆ, ಬದನಿಕಾಯಿ ಕಥಿನೂ ಹೇಳಿದೆ. ಅವರು ಎಲ್ಲಾ ಕೇಳಿ, ನನಗೊಂದು ಚಾ ತರಿಸಿ, ತಂಗೀ, ಕೆಮಿಸ್ಟ್ರಿಯೊಳಗ ಟವೆಲ್ಲು ಇಲ್ಲ ಅಂದ್ರು. ಇವರು ನಾಳೆ ಬೋರ್ಡ್ ಪರೀಕ್ಷೆ ಬರದ್ರ ತಿದ್ದೋರು ಮಂಗಳೂರಿನೋರು ಇರಬಹುದು, ಮೈಸೂರಿನೋರು ಇರಬಹುದು, ಅವರಿಗೆ ನಿನ್ನ ಬಸ್ಸು ಗೊತ್ತೇನು ಅಂದ್ರು. ಅವರಂದದ್ದು ಖರೇನ ಇತ್ತು. ಆದ್ರ ಖರೇ ಮಾತು ಕೇಳಿದ್ರ ಸಿಟ್ಟು ಇಳಿತೈತಿ ಅಂತ ಯಾರು ಹೇಳ್ಯಾರ? ನಂದು ಇನ್ನಷ್ಟು ಏರಿತು. ಪೇಪರಿನ ಗಂಟು ಎತ್ತಿಕೊಂಡು, ಬರತೀನ್ರಿ ಅಂತ ಎದ್ದುಬಿಟ್ಟೆ.

ಎದ್ದು ಎಲ್ಲಿಗೆ ಹೋಗೋದು? ಅವರ ಮನಿನೂ ಸಿಂಧನೂರಾಗ. ಇಬ್ಬರೂ ಮುನಿಸಿಕೊಂಡ ಬೀಗರಂಗ ಒಂದ ದಾರಿ ಹಿಡದು ಬಸ್ ಸ್ಟ್ಯಾಂಡಿಗೆ ಬಂದ್ವಿ, ಒಂದ ಬಸ್ಸಿಗೆ ನಿಂತ್ವಿ. ಸಂಜಿ ಬಸ್ಸು, ಜಾತ್ರಿ ಮಂದಿ. ನನ್ನ ಹತ್ತಿರ ಟವೆಲ್ಲಿಲ್ಲ, ಅದು ಹುಡುಗಿಯ ಚೀಲದಾಗ. ಪೇಪರಿನ ಗಂಟು ಎದಿಗೆ ಅವಚಿಕೊಂಡು, ಇವತ್ತು ನಿಂತ ಹೋಗೋದು ಅಂತ ಗಟ್ಟಿ ಮಾಡಿಕೊಂಡೆ.

ಬಸ್ಸು ಗೇಟಿನ್ಯಾಗ ತಿರುಗಿತು. ಅಷ್ಟರಾಗ ಹಿರೇ ಸರ್, ಇದನ್ನ ಹಿಡೀವಾ ಅಂತ ಬುತ್ತಿ ಚೀಲ ನನ್ನ ಕೈಗೆ ಕೊಟ್ರು. ಚೀಲದ ಬಾಯಿಯಿಂದ ಬೆಳ್ಳನ್ನ ಟವೆಲ್ಲು ಎಳದ್ರು. ಮಡಿಕಿ ಮುರೀಲಾರದಂಥ, ಇಸ್ತ್ರಿ ಟವೆಲ್ಲು. ಬಸ್ಸಿನ ಬಾಜೂಕ ನಾಕು ಹೆಜ್ಜಿ ಓಡಿ, ಮಣಿಕಟ್ಟು ಒಂದು ಸಲ ತಿರುವಿದ್ರು ನೋಡ್ರಿ, ಅದು ಗಾಳಿಯೊಳಗ ಬಿಚ್ಚಿಕೊಂಡು ಕಿಟಕಿಯಾಗ ಹೋಗಿ ಸೀಟಿನ ಮ್ಯಾಲೆ ಕುಂತಿತು. ನನ್ನ ಹುಡುಗಿಯ ಕೈನೂ ಇದರ ಮುಂದ ಏನಿಲ್ಲ ಅನಿಸಿತು. ಹೇಳೋದು ಶಾಸ್ತ್ರ, ಹಾಕೋದು ಟವೆಲ್ಲು. ನಾನು ನಗು ಬರದಂಗ ತುಟಿ ಕಚ್ಚಿ ಹಿಡಕೊಂಡೆ.

ನಾವು ನುಗ್ಗಿ ಹತ್ತಿದಾಗ ಅವರ ಜಾಗಾದಾಗ ಒಬ್ಬ ದಪ್ಪ ಮನುಷ್ಯಾ ಕುಂತಿದ್ದ. ಪರ ಊರಿನಾವ ಇರಬೇಕು. ಟವೆಲ್ಲು ತಗದು ತೊಡಿ ಮ್ಯಾಲೆ ಇಟ್ಟುಕೊಂಡು ಅದರ ಮ್ಯಾಲೆ ಶೇಂಗಾ ಸುಲಿಯಾಕತ್ತಿದ್ದ. ಹಿರೇ ಸರ್ ಅವನಿಗೆ ಎದ್ದೇಳ್ರಿ ಅಂದ್ರು. ಅವ, ನಾ ಬಂದಾಗ ಇಲ್ಲಿ ಯಾರೂ ಇರಲಿಲ್ರಿ, ಖಾಲಿ ಇತ್ತು ಅಂದ.

ಹಿರೇ ಸರ್ ದನಿ ಇಡೀ ಬಸ್ಸಿಗೆ ಕೇಳಿಸಿತು. "ಖಾಲಿ ಹೆಂಗಿರತೈತಿ? ಟವೆಲ್ಲು ಇತ್ತಲ್ಲ. ಕಣ್ಣಿಗೆ ಮನುಷ್ಯಾ ಕಾಣಲಿಲ್ಲಂದ್ರ ಜಾಗಾ ಖಾಲಿ ಐತಿ ಅಂತಲ್ಲ. ಅದು ಹಿಡದ ಜಾಗಾ ಹಿಡದಂಗ."

ಹೌದ್ರಿ, ಸರ್ ಹೇಳೋದು ಬರೋಬರಿ ಐತಿ ಅಂತ ಮುಂದಿನೋರು ಅಂದ್ರು, ಹಿಂದಿನೋರು ಅಂದ್ರು, ಕಂಡಕ್ಟರನೂ ಅಂದ. ದಪ್ಪ ಮನುಷ್ಯಾ ಶೇಂಗಾ ಸಿಪ್ಪಿ ಝಾಡಿಸಿ, ಟವೆಲ್ಲು ಕೊಟ್ಟು, ಎದ್ದ. ಸರ್ ಗೆದ್ದ ಪೈಲ್ವಾನನಂಗ ಕುಂತ್ರು. ಬಾಜೂದಾವನ್ನ ಸರಿಸಿ ನನಗೂ ಒಂದಿಷ್ಟು ಜಾಗಾ ಮಾಡಿದ್ರು. ನಾನು ಕುಂತು, ಪೇಪರಿನ ಗಂಟು ತೊಡಿ ಮ್ಯಾಲೆ ಇಟ್ಟುಕೊಂಡು, ಮೆಲ್ಲಕ ಅಂದೆ.

"ಸರ್, ಹಂಗಾರ ಮಾರ್ಕ್ಸ್ ಹಾಕ್ರಿ."

ಅವರು ನನ್ನ ಕಡೆ ತಿರುಗಿದ್ರು. ಟವೆಲ್ಲು ನೋಡಿದ್ರು. ಮಸ್ಕಿ ಗುಡ್ಡ ಕಾಣೋ ಹೊತ್ತಿಗೆ ಅವರ ಭುಜ ಅಲುಗಾಡಾಕತ್ತಿತು. ಅಳಾಕತ್ತಾರೇನು ಅಂತ ಗಾಬರಿ ಆದೆ. ನಗಾಕತ್ತಿದ್ರು, ಕಣ್ಣಾಗ ನೀರು ಬರೋಹಂಗ, ಅದ ಟವೆಲ್ಲಿಲೆ ಒರಸಿಕೊಂಡ್ರು. ಇತ್ತ ತಾ ಅಂತ ಪೇಪರಿನ ಗಂಟು ತಗೊಂಡ್ರು. ಆಕಾರಕ್ಕ ಮಾರ್ಕ್ಸ್ ಕೊಡತೀನಿ, ಕೋನಕ್ಕ ಕೊಡತೀನಿ, ಟವೆಲ್ಲು ಅಂತ ಬರದದ್ದಕ್ಕ ಕಟ್ ಮಾಡತೀನಿ, ಅದಕ್ಕ ಮಾತ್ರ ಜಗಳಕ್ಕ ಬರಬ್ಯಾಡ ಅಂದ್ರು. ಬೋರ್ಡ್ ಪರೀಕ್ಷೆಗಿಂತ ಮೊದಲು ಆ ಟವೆಲ್ಲು ಎತ್ತಿ ಲೋನ್ ಪೇರ್ ಕುಂದ್ರಿಸು ಅಂದ್ರು. ನಾನು ಹೂಂ ಅಂದೆ. ಅಷ್ಟರ ಮಟ್ಟಿಗೆ ಅವರು ನನಗೂ ಪಾಠ ಹೇಳಿದ್ರು, ಸುಳ್ಳ್ಯಾಕ ಹೇಳಲಿ.

ದಸರಾ ಸೂಟಿ ಬರೋತನ ನನ್ನ ಕ್ಲಾಸಿನ್ಯಾಗ ಟವೆಲ್ಲು ಅಂದೋರು ಎದ್ದು ನಿಂದ್ರಬೇಕಂತ ಕಾನೂನು ಮಾಡಿದೆ. ಮೊದಲನೇ ದಿನ ಇಡೀ ಕ್ಲಾಸು ನಿಂತಿತು. ನಾನೂ ಬಾಯಿ ತಪ್ಪಿ ಅಂದು, ಅವರ ಕೂಡ ನಿಂತೆ. ಮಾರ್ಕ್ಸು ತಿರುಗಿ ಬಂದ್ವು. ಭಾರೀ ಅಲ್ಲ, ಮಾನ ಹೋಗದಂಗ ಇದ್ವು. ಆದ್ರ ಮಂಡಳಿಯ ಹಿರಿಯರು, ಹುಡುಗನ ಪಾಠನೂ ಒಮ್ಮಿ ನೋಡಿಬಿಡೋಣ ಅಂತ ಹೇಳಿ ಕಳಿಸಿದ್ರು. ನೋಡಿಬಿಡೋಣ ಅಂದ್ರ ಏನಂತ ಎಲ್ಲಾರಿಗೂ ಗೊತ್ತಿತ್ತು. ನನ್ನ ಹುಡುಗರಿಗೂ ಗೊತ್ತಿತ್ತು.

ಸೂಟಿ ಮುಗಿದ ಮರುದಿನ ಬಸ್ಸಿನ್ಯಾಗ ಕ್ಯಾಂಪಿನ ಹುಡುಗಿ ಟವೆಲ್ಲು ಮಡಚಿ ಚೀಲದಾಗ ಹಾಕಿ, ಚೀಲ ಎದಿಗೆ ಅವಚಿಕೊಂಡು ಕುಂತಿದ್ದಳು. ಮಸ್ಕಿಯೊಳಗ ಇಳದಾಕಿನ, ನನ್ನ ಬಿಟ್ಟು ಓಡಿ ಹೋದಳು.

ಕ್ಲಾಸಿನೊಳಗ ನೀವು ಬರೋದು ಬ್ಯಾಡ, ಹೊರಗ ಇರ್ರಿ ಅಂತ ಪ್ರಿನ್ಸಿಪಾಲರು ತಲಿ ಕೆಳಗ ಹಾಕಿ ಹೇಳಿದ್ರು. ನಾನು ವರಾಂಡದಾಗ ಕಿಟಕಿ ಬಾಜೂಕ ನಿಂತೆ. ನನ್ನ ಕ್ಲಾಸಿಗೆ ನಾ ಹೊರಗ. ಹುಡುಗ ಬಂದ. ಲಿಂಗಸುಗೂರಿನಾವ, ಹೊಸ ಅಂಗಿ, ಕೈಯಾಗ ಸೀಮೆಸುಣ್ಣದ ಹೊಸ ಡಬ್ಬಿ. ಅವನ ಮ್ಯಾಲೆ ಸಿಟ್ಟು ಮಾಡಾಕ ನೋಡಿದೆ, ಮಾರಿ ನೋಡಿದ್ರ ಸಿಟ್ಟು ಬರೋ ಮಾರಿನೂ ಅಲ್ಲ. ಹಿಂದ ಪ್ರಿನ್ಸಿಪಾಲರು, ಅವರ ಹಿಂದ ಮಂಡಳಿಯ ಹಿರಿಯರು. ಕುಂದ್ರು, ಮೊದಲು ಹಾಜರಿ ಕರಿ ಅಂತ ಹಿರಿಯರು ಸೋದರಳಿಯಗ ಹೇಳಿದ್ರು.

ಅವ ಟೇಬಲ್ ಹಿಂದ ಹೋದಾವ ಹಂಗ ನಿಂತ. ಕುರ್ಚಿಯ ಮ್ಯಾಲೆ ನನ್ನ ಅಪ್ಪನ ಕೆಂಪು ಚೌಕಳಿ ಟವೆಲ್ಲು ಹಾಸಿತ್ತು.

ಇದು ಯಾರದ್ರಿ ಅಂತ ಅವ ಕ್ಲಾಸಿಗೆ ಕೇಳಿದ. ಕ್ಯಾಂಪಿನ ಹುಡುಗಿ ಎದ್ದು ನಿಂತಳು. ಬಸ್ಸಿನ್ಯಾಗ ದಿನಾ ಹೇಳೋ ಮಾತನ್ನ, ದಿನಾ ಹೇಳೋ ದನಿಯಾಗ ಹೇಳಿದಳು.

"ಮಂದಿ ಅದಾರ್ರಿ ಸರ್. ಬರತಾರ."

ವರಾಂಡದಾಗ ನಾನು ಒಂದು ಹೆಜ್ಜಿ ಮುಂದ ಬಂದೆ. ಕಿಟಕಿ ಸರಳು ಹಿಡಕೊಂಡೆ.

ಅವ ಟವೆಲ್ಲು ಮುಟ್ಟಲಿಲ್ಲ. ಮುಟ್ಟೋದು ಹೆಂಗ? ಈ ದಾರಿಯ ಬಸ್ಸಿನ್ಯಾಗ ಅಡ್ಡಾಡಿ ಬೆಳದಾವ. ನಿಂತ ಹಾಜರಿ ಕರದ, ನಿಂತ ಪಾಠ ಮಾಡಿದ. ಚಲೋ ಮಾಡಿದ ಮತ್ತ. ನೀರಿನ ಆಕಾರ ಕೇಳಿದ. ಎರಡು ಬಾಂಡ್ ಪೇರ್, ಎರಡು ಲೋನ್ ಪೇರ್, ಬಾಗಿರತೈತ್ರಿ ಅಂತ ಇಡೀ ಕ್ಲಾಸು ಅಂತು. ಒಬ್ಬರ ಬಾಯಾಗೂ ಟವೆಲ್ಲು ಬರಲಿಲ್ಲ. ಲೋನ್ ಪೇರ್ ಯಾಕ ಜಾಸ್ತಿ ಒತ್ತತೈತಿ ಅಂದ. ಹುಡುಗರು ಒಬ್ಬರ ಮಾರಿ ಒಬ್ಬರು ನೋಡಿದ್ರು, ಹಿಂದಿನ ಬೆಂಚಿನ್ಯಾಗ ಯಾರೋ ಕಿಸಕ್ಕಂದ್ರು. ಒಂದ ಕಡೆ ಹಿಡಿತ ಇರತೈತ್ರಿ, ಅದಕ್ಕ ಹರವಿಕೊಂಡು ಕುಂದ್ರತೈತಿ, ಯಾರು ಹೇಳಿದ್ರೂ ಸರಿಯಂಗಿಲ್ರಿ ಅಂದಳು ಕ್ಯಾಂಪಿನ ಹುಡುಗಿ. ಅವ ತಿರುಗಿ ಕುರ್ಚಿ ನೋಡಿದ. ಅವನಿಗೆ ಎಲ್ಲಾ ತಿಳೀತು ಅಂತ ಕಾಣತೈತಿ, ಬೋರ್ಡಿನ ಕಡೆ ಮಾರಿ ಮಾಡಿ ನಕ್ಕ.

ಹೊರಗ ಬಂದ ಮ್ಯಾಲೆ ಹಿರಿಯರು, ಹಂಗಾರ ಸೋಮವಾರದಿಂದ ಬಾ ಅಂದ್ರು. ನಾನು ಅಲ್ಲೇ ನಿಂತಿದ್ದೆ. ಅವ ನನ್ನ ಕಡೆ ನೋಡಿ, ಸೋದರಮಾವಗ ಹೇಳಿದ.

"ಮಾವಾ, ಆ ಕುರ್ಚಿ ಖಾಲಿ ಇಲ್ಲ, ಟವೆಲ್ಲು ಬಿದ್ದೈತಿ. ನಮ್ಮೂರಾಗ ಹಿರೇ ಸರ್ ಮಾರ್ಚಿನ್ಯಾಗ ಕುರ್ಚಿ ಬಿಟ್ಟು ಏಳತಾರಲ್ಲ, ಅಲ್ಲಿ ನಂದು ಹಾಕತೀನಿ."

ಹಿರಿಯರ ಹೆಗಲ ಮ್ಯಾಲೂ ಒಂದು ಟವೆಲ್ಲಿತ್ತು. ಅದನ್ನ ತಗದು ಝಾಡಿಸಿ, ಮತ್ತ ಹೆಗಲಿಗೆ ಹಾಕ್ಕೊಂಡು, ನಡೀ ಹಂಗಾರ ಅಂದ್ರು. ಪ್ರಿನ್ಸಿಪಾಲರು ಪೆನ್ನಿನ ಟೊಪಗಿ ಹಾಕಿ ಕಿಸೆದಾಗ ಇಟ್ಟುಕೊಂಡ್ರು. ಇನ್ನಾ ಪಿರಿಯಡ್ ಉಳದೈತಿ, ಹೋಗ್ರಿ ಅಂದ್ರು ನನಗ.

ನಾನು ಇವತ್ತಿಗೂ ಅತಿಥಿನ. ಸ್ಟಾಫ್ ರೂಮಿನ್ಯಾಗ ಇವತ್ತಿಗೂ ಬೆಂಚ. ಆದ್ರ ಅವತ್ತು ಒಳಗ ಹೋದಾಗ ನನಗಾದ ಖುಷಿ ಯಾವ ಕಾಯಂ ನೌಕರಿಯೋರಿಗೂ ಆಗಿರಲಿಕ್ಕಿಲ್ಲ. ಕಣ್ಣು ತುಂಬಿ ಬಂದಿದ್ವು, ಹುಡುಗರಿಗೆ ಕಾಣಬಾರದಂತ ಜೋರು ದನಿ ತಗದೆ. ಯಾರಲೇ ಇದನ್ನ ಇಲ್ಲಿ ಹಾಕಿದೋರು, ಏನಂತ ತಿಳಕೊಂಡೀರಿ ಕಾಲೇಜನ್ನ, ಇದೇನು ಬಸ್ ಸ್ಟ್ಯಾಂಡಾ ಅಂತ ಬೈಯಾಕತ್ತಿದೆ. ಕ್ಯಾಂಪಿನ ಹುಡುಗಿ ಕುಂತಲ್ಲಿಂದನ, ನನ್ನ ಕಡೆ ನೋಡದ, ಪುಸ್ತಕದ ಹಾಳಿ ತಿರುವಿಕೋಂತ ಅಂದಳು.

"ಟವೆಲ್ಲು ತಗದು ಕುಂದರ್ರಿ ಮೇಡಂ. ಬಸ್ಸು ಬಿಡತೈತಿ."

ತಗದು, ಮಡಚಿ, ತೊಡಿ ಮ್ಯಾಲೆ ಇಟ್ಟುಕೊಂಡು ಕುಂತೆ.